ಪವರ್ ಅತ್ತೆಯ ಗಾಜಿನ ಚಕ್ರ

ವರ್ಷಕ್ಕೆ ಒಂದು ಮಧ್ಯಾಹ್ನ ಅಜ್ಜಿಯ ಮನೆಯ ಹಾಲ್‌ನ ಗೋಡೆ ತೇಲುತ್ತದೆ. ಬೇರೆ ಹೇಗೆ ಹೇಳಲಿ, ಗೊತ್ತಿಲ್ಲ. ಕಿಟಕಿಗೆ ಕಟ್ಟಿದ ಸೈಕಲ್ ಚಕ್ರ ಗಾಳಿಗೆ ನಿಧಾನವಾಗಿ ತಿರುಗುತ್ತದೆ. ಅದರಿಂದ ಇಳಿಬಿಟ್ಟ ಹಳೆಯ ಕನ್ನಡಕದ ಗಾಜುಗಳು ಬಿಸಿಲು ಹಿಡಿಯುತ್ತವೆ. ಆಗ ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳೂ ಬಳೆಗಳೂ ಒಂದರ ಹಿಂದೆ ಒಂದು ಹೊರಡುತ್ತವೆ. ಫೋಟೋಗಳನ್ನು ಹತ್ತಿ, ಗಡಿಯಾರದ ಮುಖ ದಾಟಿ, ಸೋಫಾದಲ್ಲಿ ಕೂತವರ ಮೂಗಿನ ಮೇಲೆ ಹರಿದು, ಬಾಗಿಲ ಹಿಂದೆ ಮಾಯವಾಗಿ, ಮತ್ತೆ ಈ ಕಡೆಯಿಂದ ಬರುತ್ತವೆ. ನೋಡುತ್ತಾ ಕೂತರೆ ಮನೆಯೇ ನೀರಿನೊಳಗೆ ಇದೆಯೇನೋ ಅನ್ನಿಸುತ್ತದೆ. ಟೀ ಆರಿಹೋಗಿದ್ದು ಯಾರಿಗೂ ತಿಳಿಯುವುದಿಲ್ಲ.

ಆ ಮಧ್ಯಾಹ್ನ ಕ್ರಿಸ್‌ಮಸ್ಸಿನದು. ಆ ಚಕ್ರ ನನ್ನ ಅತ್ತೆಯದು, ಅಂದರೆ ಅಪ್ಪನ ತಂಗಿಯದು. ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಗಾಜು ತೇಯುವುದು ಅವಳ ಕೆಲಸ. ಎದುರಿಗೆ ಯಾರೇ ಬರಲಿ, ಊಟ ಆಯಿತಾ, ಆರೋಗ್ಯವಾ ಎಂದು ಕೇಳುವ ಅಭ್ಯಾಸ ಅವಳಿಗಿಲ್ಲ. "ಪವರ್ ಎಷ್ಟು?" ಎಂದೇ ಮಾತು ಶುರು. ನಾನು ಮದುವೆಯಾಗಬೇಕೆಂದಿದ್ದ ಹುಡುಗನನ್ನು ಮನೆಗೆ ಕರೆತಂದ ದಿನ ಉಳಿದವರೆಲ್ಲ ಅವನ ಕೆಲಸ, ಮನೆತನ ವಿಚಾರಿಸುತ್ತಿದ್ದರೆ, ಅತ್ತೆ ಅವನ ಮುಖಕ್ಕೆ ಮುಖ ತಂದು ಕನ್ನಡಕವನ್ನೇ ದಿಟ್ಟಿಸಿದಳು. ಅವನು ಪಾಪ, ಉಸಿರು ಬಿಗಿಹಿಡಿದು ಕೂತಿದ್ದ.

"ಎಡಗಣ್ಣಿನ ಸೆಂಟರ್ ತಪ್ಪಿದೆ. ಹುಡುಗ ಒಳ್ಳೆಯವನೇ, ಗಾಜು ಕೂರಿಸಿದೋನು ಸರಿಯಿಲ್ಲ," ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ನನ್ನ ಮದುವೆ ನಿಶ್ಚಯವಾದ ಹಾಗಾಯಿತು. ಇಂಥವಳಿಗೆ 'ಪವರ್ ಅತ್ತೆ' ಎಂಬ ಹೆಸರು ಬೀಳದೆ ಇನ್ನೇನು ಬೀಳುತ್ತದೆ? ಈಗ ಅವಳ ಅಣ್ಣ ತಮ್ಮಂದಿರೂ ಹಾಗೆಯೇ ಕರೆಯುತ್ತಾರೆ.

ಅವಳು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ನೋಡಿದವರನ್ನೆಲ್ಲ ಸ್ಪಷ್ಟವಾಗಿ ನೋಡ್ಬಿಟ್ಟೆ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ತಾತ ಅಜ್ಜಿಯ ಜೊತೆಯಲ್ಲೇ ಉಳಿದಳು. ಬೆಳಿಗ್ಗೆ ಅಂಗಡಿ, ಸಂಜೆ ಮನೆ. ಕೆಲಸದ ಕೋಣೆ ಎಷ್ಟು ಚಿಕ್ಕದೆಂದರೆ ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ. ಸಾಣೆಯ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಗಾಜಿನ ಅಂಚು ಸವೆದು ಅಕ್ಕಿ ತೊಳೆದ ನೀರಿನಂಥ ಬಿಳಿ ನೀರು ಕೆಳಗಿನ ತಟ್ಟೆಗೆ ಇಳಿಯುತ್ತದೆ. ಪಕ್ಕದಲ್ಲಿ ಬಿಸಿ ಮರಳಿನ ಡಬ್ಬಿ. ಫ್ರೇಮನ್ನು ಅದರಲ್ಲಿ ಅದ್ದಿ ಮೆತ್ತಗಾಗಿಸಿ, ಗಾಜನ್ನು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಕೂರುತ್ತದೆ. ಆ ಸದ್ದು ಕೇಳಿದರೆ ಅವಳ ಮುಖದಲ್ಲಿ ಒಂದು ನೆಮ್ಮದಿ. ಅವಳ ಬೆರಳ ತುದಿಗಳು ಸದಾ ನೀರಲ್ಲಿ ನೆಂದು ಸುಕ್ಕಾಗಿರುತ್ತವೆ, ಕಿವಿಯ ಹಿಂದೆ ಕೆಂಪು ಪೆನ್ಸಿಲ್ ಇರುತ್ತದೆ, ಅವಳ ಸ್ವಂತ ಕನ್ನಡಕದ ಮೇಲೆ ಮಾತ್ರ ಯಾವಾಗಲೂ ಗಾಜಿನ ಪುಡಿ.

ಚಕ್ರ ಹುಟ್ಟಿದ್ದು ತಾತನಿಂದ. ತಾತ ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಸಣ್ಣ ಅಕ್ಷರಗಳನ್ನು ನೋಡಿ ನೋಡಿ ಕಣ್ಣು ಹಾಳಾಗಿ, ದಪ್ಪ ಅಂಚಿನ ಮೈನಸ್ ಗಾಜು ಹಾಕುತ್ತಿದ್ದರು. ಅತ್ತೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರಿಗೆ ತಾನೇ ಹೊಸ ಗಾಜು ತೇಯ್ದು ಹಾಕಿದಳು. ಹಳೆಯ ಜೋಡಿ ಕೈಯಲ್ಲಿ ಉಳಿಯಿತು. "ಇಷ್ಟು ವರ್ಷ ಇದ್ರಲ್ಲೇ ನಮ್ಮನ್ನೆಲ್ಲ ನೋಡಿದಾರೆ, ಕಸದ ಬುಟ್ಟಿಗೆ ಹೇಗೆ ಹಾಕೋದು?" ಎಂದು ದಾರ ಕಟ್ಟಿ ಕಿಟಕಿಗೆ ನೇತುಹಾಕಿದಳು. ಆಗ ಕ್ರಿಸ್‌ಮಸ್ ಹತ್ತಿರವಿತ್ತು. ಗೋಡೆಯ ಮೇಲೆ ಬಿದ್ದ ಬೆಳಕು ನೋಡಿ ಅಜ್ಜಿಯೂ ತನ್ನ ಹಳೇ ಗಾಜು ತಂದುಕೊಟ್ಟಳು. ಮರುವರ್ಷದ ಹೊತ್ತಿಗೆ ಅತ್ತೆ ತನ್ನ ಹಳೆಯ ಸೈಕಲ್ಲಿನ ಚಕ್ರವನ್ನೇ ಬಿಚ್ಚಿದ್ದಳು.

ಅಂದಿನಿಂದ ಅದು ನಮ್ಮ ಮನೆಯ ಕಾನೂನು. ಯಾರ ನಂಬರು ಬದಲಾದರೂ ಹಳೆಯ ಗಾಜು ಅತ್ತೆಗೆ ಸಲ್ಲಬೇಕು. ಮೈನಸ್ ಗಾಜಿನವರದು ಗೋಡೆಯ ಮೇಲೆ ನಡುವೆ ಮಬ್ಬು, ಸುತ್ತ ಬೆಳಕಿನ ಬಳೆ. ಪ್ಲಸ್ ಗಾಜಿನವರದು ಒಂದೇ ಒಂದು ಉರಿಯುವ ಚುಕ್ಕೆ. ಅಜ್ಜಿಯದು ಪ್ಲಸ್. ಒಂದು ವರ್ಷ ಅವಳ ಗಾಜು ಚಿಕ್ಕಪ್ಪ ಮಾಡಿದ್ದ ಕಡುಗೆಂಪು ಕಾಗದದ ಗಂಟೆಗೆ ತೀರಾ ಹತ್ತಿರವಾಗಿ, ಗಂಟೆಯಲ್ಲಿ ಹೊಗೆಯಾಡುವ ತೂತು ಬಿತ್ತು. "ನೋಡಿದ್ರಾ, ಅಮ್ಮನ ಕಣ್ಣು ಬಿತ್ತು," ಎಂದು ಚಿಕ್ಕಪ್ಪ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ತೀರಿಕೊಂಡವರ ಕೊನೆಯ ಗಾಜುಗಳಿಗೆ ಚಕ್ರದ ನಟ್ಟನಡುವೆ, ಅಚ್ಚಿನ ಹತ್ತಿರ ಜಾಗ. ಅಲ್ಲಿ ತಾತನ ಅಕ್ಕ ಇದ್ದಾಳೆ, ಅಜ್ಜಿಯ ತಮ್ಮ ಇದ್ದಾನೆ. ಹಬ್ಬದ ಮಧ್ಯಾಹ್ನ ಅವರೂ ನಮ್ಮ ಜೊತೆ ಗೋಡೆಯ ಮೇಲೆ ಒಂದು ಸುತ್ತು ಹಾಕಿ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಸತ್ತವರು ಬೆಳಕಿನ ಬಳೆಯಾಗುತ್ತಾರೆ ಎಂದೇ ನಂಬಿದ್ದೆ. ಈಗ ನಂಬುವುದಿಲ್ಲ ಎಂದು ಹೇಳಲೂ ಮನಸ್ಸು ಬರುವುದಿಲ್ಲ.

ಚಕ್ರವೊಂದೇ ಅಲ್ಲ, ಆ ಮನೆಗೆ ಅಂಗಡಿಯಿಂದ ಕೊಂಡ ಅಲಂಕಾರ ಒಂದೂ ಕಾಲಿಡುವಂತಿಲ್ಲ. ಗಾಜು ತುಂಬಿ ಬರುವ ಪುಟ್ಟ ಕಾಗದದ ಲಕೋಟೆಗಳನ್ನು ಅತ್ತೆ ವರ್ಷವಿಡೀ ಕೂಡಿಡುತ್ತಾಳೆ, ಡಿಸೆಂಬರಿನಲ್ಲಿ ನಾವು ಅವನ್ನು ಮಡಚಿ ನಕ್ಷತ್ರ ಮಾಡಬೇಕು. ಮೊಟ್ಟೆಯ ಟ್ರೇ ಕತ್ತರಿಸಿ ಗಂಟೆ, ಬಿಚ್ಚಿದ ಸ್ವೆಟರಿನ ಉಣ್ಣೆಯಿಂದ ಉಂಡೆ, ಗಾಜು ಒರೆಸುವ ಹಳೇ ಬಟ್ಟೆಯಿಂದ ತೋರಣ. ಹಾಲ್‌ನ ನೆಲದಲ್ಲಿ ಕತ್ತರಿ, ಅಂಟು, ದಾರದ ನಡುವೆ ಎಲ್ಲರೂ ಕಾಲು ಚಾಚಿ ಕೂತಿರುತ್ತೇವೆ. ಒಮ್ಮೆ ಚಿಕ್ಕಪ್ಪ ಮಿಣುಕು ದೀಪದ ಸರ ಕೊಂಡು ತಂದಿದ್ದ. ಅತ್ತೆ ಅದನ್ನು ನೋಡಿದ ನೋಟಕ್ಕೆ ಅವನೇ ಎದ್ದು ಹೋಗಿ ಅಟ್ಟದ ಮೇಲೆ ಇಟ್ಟು ಬಂದ.

ತಾತ ಹೋದದ್ದು ಈ ವರ್ಷದ ಆರಂಭದಲ್ಲಿ. ನಿದ್ದೆಯಲ್ಲೇ ಹೋದರು, ಯಾರಿಗೂ ತೊಂದರೆ ಕೊಡದೆ. ಎಲ್ಲರೂ ಅತ್ತೆವು, ಅತ್ತೆಯೊಬ್ಬಳನ್ನು ಬಿಟ್ಟು. ಮಣ್ಣು ಮಾಡಿ ಬಂದ ಮರುದಿನವೇ ಅವಳು ಕೆಲಸಕ್ಕೆ ಹೊರಟಳು. "ಜನ ಕಣ್ಣಿಲ್ಲದೆ ಕಾಯ್ತಿರ್ತಾರೆ," ಎಂದಳು. ಅಕ್ಕಪಕ್ಕದವರು ಕಲ್ಲು ಮನಸ್ಸು ಎಂದು ಆಡಿಕೊಂಡರು. ನನಗೂ ಸಿಟ್ಟು ಬಂದಿತ್ತು, ಇಲ್ಲ ಎನ್ನುವುದಿಲ್ಲ.

ಕೆಲವು ವಾರ ಕಳೆದ ಮೇಲೆ ಅಜ್ಜಿ ತಾತನ ಕನ್ನಡಕ ಹಾಕಿಕೊಳ್ಳತೊಡಗಿದಳು. ಮೊದಮೊದಲು ಯಾರೂ ಗಮನಿಸಲಿಲ್ಲ. ತನ್ನದು ಕೈಗೆ ಸಿಗದೆ ಹಾಕಿಕೊಂಡಿದ್ದಾಳೆ ಅಂದುಕೊಂಡೆವು. ಆಮೇಲೆ ನೋಡಿದರೆ ಅದು ಮುಖ ಬಿಟ್ಟು ಇಳಿಯುವುದೇ ಇಲ್ಲ. ಆ ಅಗಲದ ಕಪ್ಪು ಫ್ರೇಮು ಅವಳ ಪುಟ್ಟ ಮೂಗಿನಿಂದ ಜಾರುತ್ತಿತ್ತು, ಅವಳು ತಾತನ ಹಾಗೆಯೇ ನಡುಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು.

"ಅಮ್ಮಾ, ಅದು ಮೈನಸ್. ನಿಂದು ಪ್ಲಸ್. ಅದ್ರಲ್ಲಿ ನಿಂಗೆ ಏನೂ ಕಾಣಲ್ಲ," ಎಂದು ಅತ್ತೆ ತಲೆ ಚಚ್ಚಿಕೊಂಡಳು.

"ಪ್ಲಸ್ಸೋ ಮೈನಸ್ಸೋ. ನಂಗೆ ಕಾಣುತ್ತೆ."

"ಏನು ಕಾಣುತ್ತೆ, ಹೇಳು ನೋಡೋಣ?"

"ಕಾಣ್ಬೇಕಾದ್ದು ಕಾಣುತ್ತೆ. ನಿನ್ನ ಅಂಗಡಿ ಅಂಗಡೀಲಿ ಇಟ್ಕೊ."

ಹಟಕ್ಕೆ ಬಿದ್ದರೆ ಅಜ್ಜಿಯನ್ನು ಅಲ್ಲಾಡಿಸುವವರು ಇನ್ನೂ ಹುಟ್ಟಿಲ್ಲ. ಅವಳು ದಿನವಿಡೀ ಹಾಲ್‌ನಲ್ಲಿ ತನ್ನ ಜಾಗದಲ್ಲಿ ಕೂತಿರುತ್ತಿದ್ದಳು. ಎದುರಿಗೆ ಕಿಟಕಿಯ ಪಕ್ಕ ತಾತನ ಕುರ್ಚಿ. ಅದರ ಬೆನ್ನಿಗೆ ಅವರ ಕಂದು ಸ್ವೆಟರ್, ಕೂರುವಲ್ಲಿ ಅವರು ಒರಗುತ್ತಿದ್ದ ದಿಂಬು. ಅದನ್ನು ಸರಿಸಲು ಹೋದರೆ, "ಮುಟ್ಟಬೇಡಿ" ಎಂದು ಗದರುತ್ತಿದ್ದಳು. ಒಬ್ಬಳೇ ಇದ್ದಾಗ ಆ ಕಡೆ ನೋಡಿಕೊಂಡು ಏನೋ ಸಣ್ಣದಾಗಿ ಹೇಳುತ್ತಿದ್ದಳು. ಹಾಲು ಕೆಟ್ಟದ್ದು, ನಲ್ಲಿ ಸೋರುವುದು, ಹೀಗೆ. ನಾವು ಬಂದರೆ ನಿಲ್ಲಿಸುತ್ತಿದ್ದಳು. ನಾವೂ ಕೇಳದ ಹಾಗೆ ಇರುತ್ತಿದ್ದೆವು.

ಆದರೆ ಕಾಲಿನ ಮೇಲೆ ನೀಲಿಗಟ್ಟಿದ ಗಾಯಗಳು ಹೆಚ್ಚಾದವು. ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ಕೆಟಲಿನ ಹಿಡಿ ಎಂದು ಕೆಟಲಿನ ಹೊಟ್ಟೆಯನ್ನೇ ಹಿಡಿದು ಅಂಗೈ ಸುಟ್ಟುಕೊಂಡಳು. ನವೆಂಬರಿನಲ್ಲಿ ಹಿತ್ತಿಲ ಮೆಟ್ಟಿಲು ತಪ್ಪಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಆದರೆ ಆ ದಿನ ಚಿಕ್ಕಪ್ಪ ತಮಾಷೆಯೆಲ್ಲ ಬಿಟ್ಟು ಅತ್ತೆಗೆ ಹೇಳಿದ, "ನೀನು ಕೆಲಸಕ್ಕೆ ಹೋದ್ರೆ ಅಮ್ಮ ಒಬ್ಬಳೇ. ಹಬ್ಬ ಮುಗಿದ ಮೇಲೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನೀನು ಬೇಜಾರು ಮಾಡ್ಕೋಬೇಡ."

ತಾತ ಇಲ್ಲದ ಮನೆಯಲ್ಲಿ ಅಜ್ಜಿಯೂ ಇಲ್ಲದೆ ಹೋದರೆ ಅತ್ತೆಗೆ ಉಳಿಯುವುದು ನಾಲ್ಕು ಗೋಡೆ. ಅಜ್ಜಿಗೆ ಕಣ್ಣು ಕಾಣುವಂತಾಗಬೇಕು, ಅದೂ ಹಬ್ಬದೊಳಗೆ. ಅದೊಂದೇ ಅವಳ ತಲೆಯಲ್ಲಿ ಕೂತುಬಿಟ್ಟಿತು. ತಾತನ ಗಾಜು ಚಕ್ರದ ನಡುವೆ ಸೇರಬೇಕಾದ ವರ್ಷವೂ ಇದೇ. ಕೊಡು ಎಂದರೆ ಅಜ್ಜಿ ಕೊಡುವವಳಲ್ಲ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ನಾನು ಗಂಡ ಮಕ್ಕಳನ್ನು ಕರೆದುಕೊಂಡು ಬೇಗನೆ ಹೋಗಿದ್ದೆ. ಅತ್ತೆ ಅಜ್ಜಿಯ ಮುಂದೆ ಮಂಡಿಯೂರಿ ಕೂತು, "ಅಮ್ಮಾ, ಸ್ಕ್ರೂ ಸಡಿಲ ಆಗಿದೆ ನೋಡು. ಗಾಜು ಬಿದ್ದು ಒಡೆದು ಹೋದ್ರೆ? ಕೊಡು, ಬಿಗಿ ಮಾಡಿ ತರ್ತೀನಿ," ಎನ್ನುತ್ತಿದ್ದಳು. ಒಡೆಯುತ್ತದೆ ಎಂದದ್ದಕ್ಕೆ ಅಜ್ಜಿ ಹೆದರಿದಳು. ತೆಗೆದು ಕೊಟ್ಟಳು. ತನ್ನ ಸ್ವಂತ ಕನ್ನಡಕ ಕೊಡಹೋದರೆ ಬೇಡವೆಂದು, ಕಣ್ಣು ಮುಚ್ಚಿಕೊಂಡು ಕೂತಳು.

"ನೀನೂ ಬಾ," ಎಂದು ಅತ್ತೆ ನನ್ನನ್ನು ಎಳೆದುಕೊಂಡು ಹೊರಟಳು. ಅಂಗಡಿಗೆ ರಜೆ, ಬೀಗದ ಕೈ ಅವಳ ಹತ್ತಿರವೇ ಇತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಮುಚ್ಚಿದ ಅಂಗಡಿಗಳ ಗಾಜಿನಲ್ಲಿ ನಾವಿಬ್ಬರೂ ತೆಳ್ಳಗೆ ನಡೆದು ಹೋಗುತ್ತಿದ್ದೆವು.

ಒಳಗೆ ಹೋದ ಮೇಲೆ ಅವಳ ಉಪಾಯ ತಿಳಿಯಿತು. ತಾತನ ಫ್ರೇಮಿಗೆ ಅಜ್ಜಿಯ ಪವರಿನ ಗಾಜು. ಅಜ್ಜಿಗೆ ತಾತನ ಕನ್ನಡಕವೂ ಉಳಿಯುತ್ತದೆ, ಕಣ್ಣೂ ಕಾಣುತ್ತದೆ, ತಾತನ ಗಾಜು ಚಕ್ರಕ್ಕೂ ಸಿಗುತ್ತದೆ. ಕೇಳಿ ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

"ಗೊತ್ತಾದ್ರೆ ಬೈತಾಳೆ," ಎಂದೆ.

"ಬೈಲಿ. ನನ್ನ ಮುಖ ನೋಡ್ಕೊಂಡು ಬೈಲಿ. ಅವಳು ನನ್ನ ಮುಖ ನೋಡಿ ಎಷ್ಟು ತಿಂಗಳಾಯ್ತು."

ಮರಳು ಬಿಸಿಯಾಯಿತು. ಅತ್ತೆ ಫ್ರೇಮನ್ನು ಅದ್ದಿ, ತಾತನ ಗಾಜುಗಳನ್ನು ಹಿಂದಿನಿಂದ ಒತ್ತಿದಳು. ಅವು ಒಂದೊಂದಾಗಿ ಅವಳ ಅಂಗೈಗೆ ಬಿದ್ದವು. ಅವಳು ಅವನ್ನು ಬಟ್ಟೆಯಿಂದ ಒರೆಸಿದಳು, ಮತ್ತೆ ಒರೆಸಿದಳು, ಅಲ್ಲಿ ಒರೆಸಲು ಏನೂ ಇರಲಿಲ್ಲ. ನನ್ನ ಕೈಗೆ ಕೊಟ್ಟು ಕಲ್ಲಿನ ಕಡೆ ತಿರುಗಿದಳು. ಕೆಂಪು ಪೆನ್ಸಿಲಿನಿಂದ ಹೊಸ ಗಾಜಿನ ನಡುವೆ ಗುರುತು ಹಾಕಿ, ನೀರು ಬಿಟ್ಟು, ತೇಯತೊಡಗಿದಳು. ಬಿಳಿ ನೀರು ಇಳಿಯುತ್ತಿತ್ತು. ನಾನು ತಾತನ ಒಂದು ಗಾಜನ್ನು ಕಣ್ಣಿಗೆ ಹಿಡಿದು ನೋಡಿದೆ. ಕೋಣೆ ದೂರ ಸರಿಯಿತು, ಅತ್ತೆ ಪುಟ್ಟ ಹುಡುಗಿಯಾಗಿ, ಅಂಚೆಲ್ಲ ಕರಗಿ, ಎಲ್ಲೋ ಕೊಳದ ತಳದಲ್ಲಿ ಕೂತು ಕೆಲಸ ಮಾಡುತ್ತಿದ್ದ ಹಾಗಿತ್ತು. ಅಜ್ಜಿ ಇಷ್ಟು ದಿನ ಬದುಕಿದ್ದ ಲೋಕ ಇದು. ಚೆನ್ನಾಗಿಯೇ ಇತ್ತು, ನಿಜ ಹೇಳಬೇಕೆಂದರೆ. ಟಕ್ ಎಂದು ಹೊಸ ಗಾಜು ಕೂತ ಸದ್ದಿಗೆ ನಾನು ಕೆಳಗಿಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತ್ತು. ಅಪ್ಪ ಅಮ್ಮ, ಚಿಕ್ಕಪ್ಪ ಚಿಕ್ಕಮ್ಮ, ಎಲ್ಲರ ಮಕ್ಕಳು. ಮರದ ಬದಲು ಹಳೆಯ ಪತ್ರಿಕೆಗಳನ್ನು ಸುತ್ತಿ ಮಾಡಿದ ಕಾಗದದ ಮರ, ಅದರ ತುಂಬ ಲಕೋಟೆಯ ನಕ್ಷತ್ರ. ಬಾಗಿಲಿಗೆ ಮೊಟ್ಟೆ ಟ್ರೇಯ ಗಂಟೆಗಳ ಸಾಲು, ಅದರಲ್ಲಿ ಚಿಕ್ಕಪ್ಪ ಮಾಡಿದವು ಯಾವುವು ಎಂದು ಯಾರೂ ಹೇಳುವ ಅಗತ್ಯವಿರಲಿಲ್ಲ. ಅತ್ತೆ ಏಣಿ ಹತ್ತಿ ತಾತನ ಗಾಜುಗಳನ್ನು ಚಕ್ರದ ನಡುವೆ ಕಟ್ಟಿ, ಮೇಲೆ ಬೆಡ್‌ಶೀಟು ಮುಚ್ಚಿದಳು. ಅಜ್ಜಿ ಕಣ್ಣು ಮುಚ್ಚಿಯೇ ಕೂತಿದ್ದಳು. ಬಿಸಿಲು ಕಿಟಕಿಗೆ ಬಂದಾಗ ಅತ್ತೆ ಬೆಡ್‌ಶೀಟು ಎಳೆದಳು. ಗೋಡೆ ತೇಲತೊಡಗಿತು. ಮಕ್ಕಳು ಕೂಗಿದರು.

"ತಗೋ ಅಮ್ಮ, ಸ್ಕ್ರೂ ಬಿಗಿಯಾಗಿದೆ," ಎಂದು ಅತ್ತೆ ಕನ್ನಡಕವನ್ನು ಅಜ್ಜಿಯ ಮುಖಕ್ಕೆ ತಾನೇ ಹಾಕಿದಳು.

ಅಜ್ಜಿ ಕಣ್ಣು ಬಿಟ್ಟಳು. ಮುಚ್ಚಿದಳು. ಮತ್ತೆ ಬಿಟ್ಟಳು. ಅವಳ ನೋಟ ನಿಧಾನವಾಗಿ ಗೋಡೆಯ ಮೇಲಿನ ಬೆಳಕನ್ನು ಹಿಂಬಾಲಿಸಿ, ಬಾಗಿಲ ಹತ್ತಿರ ನಿಂತಿತು.

"ಯಾರದು, ಗಂಟೆನ ಹೀಗೆ ವಕ್ರ ವಕ್ರವಾಗಿ ಕತ್ತರಿಸಿದ್ದು?"

ಮನೆಯೇ ಹಾರಿಹೋಗುವ ಹಾಗೆ ನಕ್ಕೆವು. ಚಿಕ್ಕಪ್ಪ ಎದ್ದು ನಿಂತು ಎಲ್ಲರಿಗೂ ಕೈಮುಗಿದ. ಅಜ್ಜಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದಳು. ನನ್ನ ಮಗಳ ಬಿದ್ದ ಹಲ್ಲು ನೋಡಿದಳು, ಅಪ್ಪನ ಹೊಟ್ಟೆ ನೋಡಿದಳು. ಅತ್ತೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಎಷ್ಟು ಸೊರಗಿದೀಯೇ. ತಲೆಯೆಲ್ಲ ಬೆಳ್ಳಗಾಗಿದೆ." ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಗೆದ್ದೆ ಎನ್ನುವ ಹಾಗೆ ಚಿಕ್ಕಪ್ಪನ ಕಡೆ ಕಣ್ಣು ಹಾಯಿಸಿದಳು.

ಆ ಸಂತೋಷದಲ್ಲೇ ಅಜ್ಜಿ ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿದಳು. "ನೋಡಿದ್ರಾ, ನಿಮ್ಮ ಮಗಳು..." ಎಂದಳು.

ಅಷ್ಟೇ. ಮಾತು ಅಲ್ಲೇ ನಿಂತಿತು. ಕುರ್ಚಿಯ ಬೆನ್ನಿಗೆ ಸ್ವೆಟರ್ ಇತ್ತು, ಮೊಣಕೈ ಹತ್ತಿರ ನುಸಿ ತಿಂದ ತೂತು ಇತ್ತು. ಕೂರುವಲ್ಲಿ ಹೂವಿನ ದಿಂಬು ಇತ್ತು. ಅಜ್ಜಿಗೆ ಹೂವಿನ ಎಸಳುಗಳೂ ಕಂಡಿರಬೇಕು, ಅಷ್ಟು ಚೆನ್ನಾಗಿ ಕೂತಿದ್ದವು ಆ ಗಾಜುಗಳು.

"ಇದು ದಿಂಬು," ಎಂದಳು ಅಜ್ಜಿ.

ಬೆಳಕಿನ ಬಳೆಗಳು ಗೋಡೆಯ ಮೇಲೆ ಸುಮ್ಮನೆ ಹೋಗುತ್ತಿದ್ದವು. ಚಿಕ್ಕಪ್ಪನಿಗೆ ಏನು ಮಾಡಬೇಕೋ ತೋಚದೆ, "ಅಮ್ಮಾ, ಕುರ್ಚಿ ಒಳಗಿಡ್ಲಾ?" ಎಂದ. ಚಿಕ್ಕಮ್ಮ ಅವನ ತೋಳು ಚಿವುಟಿದಳು.

"ಅಮ್ಮಾ, ನಂಗೆ ಗೊತ್ತಿರ್ಲಿಲ್ಲ," ಎಂದಳು ಅತ್ತೆ. ಅವಳ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದೇ ಇಲ್ಲ. "ನೀನು ಹಾಗೆ ನೋಡ್ತಿದ್ದೆ ಅಂತ ಗೊತ್ತಿರ್ಲಿಲ್ಲ. ಕಾಣ್ಲಿ ಅಂತ ಮಾಡ್ದೆ."

"ನಂಗೆ ಗೊತ್ತಿತ್ತು ಕಣೇ. ಗೊತ್ತಿತ್ತು, ಆದ್ರೆ ಕಾಣ್ತಿರ್ಲಿಲ್ಲ. ಮಬ್ಬಲ್ಲಿ ಕೂತಿರ್ತಿದ್ರು ನಿಮ್ಮಪ್ಪ."

ಅತ್ತೆ ಧಡಕ್ಕನೆ ಎದ್ದು ಏಣಿ ಎಳೆದುಕೊಂಡಳು. ಕತ್ತರಿ ಕೈಗೆತ್ತಿಕೊಳ್ಳುತ್ತಾ, "ಹಳೇ ಗಾಜೇ ವಾಪಸ್ ಹಾಕ್ಕೊಡ್ತೀನಿ. ಈಗ್ಲೇ. ಬಿಚ್ಚೋದು ಎಷ್ಟೊತ್ತು, ಅಂಗಡಿಗೆ ಹೋಗಿ ಬಂದ್ಬಿಡ್ತೀನಿ," ಎಂದು ಗಡಿಬಿಡಿ ಮಾಡಿದಳು. ಏಣಿಯ ಮೊದಲ ಮೆಟ್ಟಿಲು ಹತ್ತಿಯೂ ಬಿಟ್ಟಿದ್ದಳು.

"ಇಳಿ ಕೆಳಗೆ," ಎಂದಳು ಅಜ್ಜಿ. "ಒಂದ್ಸಲ ಕಂಡ್ಮೇಲೆ ಕಾಣ್ಲಿಲ್ಲ ಅನ್ನೋಕಾಗಲ್ಲ. ಅದಿರ್ಲಿ. ನೀನು ನೋಡಿದ್ಯಾ?"

"ಏನನ್ನ?"

"ಆ ಕುರ್ಚೀನ. ಅವರು ಹೋದಾಗಿಂದ ನೀನು ಈ ಹಾಲಲ್ಲಿ ಅದಕ್ಕೆ ಬೆನ್ನು ಹಾಕೇ ಕೂರ್ತೀಯ. ಊಟಕ್ಕೂ ಹಾಗೆ, ಕಾಗದ ಕತ್ತರಿಸೋವಾಗ್ಲೂ ಹಾಗೆ. ನಂಗೆ ಮಬ್ಬಲ್ಲೂ ನಿನ್ನ ಮುಖ ಯಾವ ಕಡೆ ಇದೆ ಅಂತ ತಿಳೀತಿತ್ತು."

ನಿಜ. ನಾನು ಆಗಲೇ ನೆನೆಸಿಕೊಂಡೆ. ಇಡೀ ಡಿಸೆಂಬರು ನೆಲದಲ್ಲಿ ಕೂತು ನಕ್ಷತ್ರ ಮಡಚಿದ್ದೆವು. ಅತ್ತೆ ಪ್ರತಿಸಲವೂ ಗೋಡೆಯ ಕಡೆ ಮುಖ ಮಾಡಿದ್ದಳು. ಈಗಲೂ ಏಣಿಯ ಮೇಲೆ, ಕುರ್ಚಿಯ ಪಕ್ಕದಲ್ಲೇ ನಿಂತು, ಚಕ್ರವನ್ನೇ ನೋಡುತ್ತಿದ್ದಳು.

"ಎಲ್ಲರ ಕಣ್ಣು ಸರಿಮಾಡ್ತೀಯ," ಎಂದಳು ಅಜ್ಜಿ, ಮೆಲ್ಲಗೆ. "ತಿರುಗು ಮಗಳೇ. ನಾನೂ ನೋಡ್ತಿದೀನಿ, ಜೊತೇಲಿ ನೋಡು."

ಅತ್ತೆ ಕೆಳಗಿಳಿದಳು. ಕತ್ತರಿ ಕಿಟಕಿಯ ಮೇಲಿಟ್ಟಳು. ತಿರುಗಿ ಕುರ್ಚಿಯನ್ನು ನೋಡಿದಳು, ಸ್ವೆಟರನ್ನು ನೋಡಿದಳು, ತೂತನ್ನು ನೋಡಿದಳು. ಗಾಜಿನಲ್ಲಿ ಗೀರು ಹುಡುಕುವವಳ ಹಾಗೆ ಒಂದಿಷ್ಟೂ ಬಿಡದೆ ನೋಡಿದಳು.

"ಅಪ್ಪ ಇಲ್ಲ," ಎಂದಳು.

"ಹೂಂ. ಇಲ್ಲ."

ಅಜ್ಜಿ ಎದ್ದಳು. ಎಲ್ಲಿಯೂ ತಡವರಿಸದೆ, ಯಾರ ಕೈಯನ್ನೂ ಹಿಡಿಯದೆ, ನೆಲದ ಮೇಲೆ ಹರಡಿದ್ದ ಕಾಗದ ದಾರಗಳನ್ನೆಲ್ಲ ದಾಟಿ ಕುರ್ಚಿಯ ಹತ್ತಿರ ಹೋದಳು. ದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಕೂತ್ಕೊ. ಬೆಳಗಿಂದ ನಿಂತೇ ಇದೀಯ."

ಅತ್ತೆ ತನ್ನ ಅಪ್ಪನ ಕುರ್ಚಿಯಲ್ಲಿ ಕೂತಳು. ಗಾಜಿನ ಪುಡಿ ಮೆತ್ತಿದ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸ್ವೆಟರಿನ ತೋಳು ಮುಖಕ್ಕೆ ಒತ್ತಿಕೊಂಡು, ಮಕ್ಕಳು ಮರಿಗಳೆಲ್ಲರ ಎದುರು ಜೋರಾಗಿ ಅಳತೊಡಗಿದಳು. ಅಜ್ಜಿ ಪಕ್ಕದಲ್ಲಿ ನಿಂತು ಅವಳ ತಲೆ ಸವರುತ್ತಿದ್ದಳು. ನಾವು ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.